ಶಿಫ್ಟ್ ಒತ್ತಿ 2 ಹೊಡೆದರೆ ಬರುವುದೇನು? ಲ್ಯಾಪ್‌ಟಾಪ್ ಶುರುವಾಗುವ ಹಂತಗಳು ಮತ್ತು ಜಪಾನಿ ಟೈಪಿಂಗ್

ಭಾನುವಾರ ರಾತ್ರಿ ಒಂಬತ್ತೂವರೆ ಆಗಿತ್ತು. ಪುಣೆಯ ಕೋಥರೂಡ್‌ನಲ್ಲಿರುವ ನಮ್ಮ ಸೊಸೈಟಿಯ ಮೇಲಿನ ಮಹಡಿಯ ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವರ ಮನೆಯವರು ವಿಜಯಪುರದ ಕಡೆಯವರು. "ಕಾಕಾ, ಪಾಸ್‌ವರ್ಡ್ ತಗೋವಲ್ದು. ನಾ ಏನೂ ಬದಲ್ ಮಾಡಿಲ್ರಿ, ಮುಂಜಾನಿ ಚಲೋನೇ ಇತ್ತು," ಅಂದಳು. ಮರುದಿನ ಎಂಟು ಗಂಟೆಗೆ ಜಪಾನಿ ಕ್ಲಾಸು. ಅಷ್ಟರೊಳಗೆ ತನ್ನ ಪರಿಚಯದ ಒಂದು ಪುಟವನ್ನು ಜಪಾನಿಯಲ್ಲೇ ಟೈಪ್ ಮಾಡಿ ಕಳಿಸಬೇಕಿತ್ತು.

ಪಾಸ್‌ವರ್ಡ್ ಹಾಕುವ ಜಾಗದ ಬಲತುದಿಯಲ್ಲಿ ಕಣ್ಣಿನ ಚಿತ್ರವೊಂದು ಇರುತ್ತದೆ. ಅದನ್ನು ಒತ್ತಿದರೆ ಚುಕ್ಕೆಗಳ ಬದಲು ನಿಜವಾದ ಅಕ್ಷರಗಳು ಕಾಣುತ್ತವೆ. ಇನ್ನೊಮ್ಮೆ ಹೊಡಿ ಎಂದೆ, ಹೊಡೆದಳು. ಎಲ್ಲ ಅಕ್ಷರಗಳೂ ಸರಿಯಾಗಿದ್ದವು, ಒಂದನ್ನು ಬಿಟ್ಟು. ಶಿಫ್ಟ್ ಹಿಡಿದು 2 ಒತ್ತಿದಾಗ ಇಮೇಲ್ ವಿಳಾಸದಲ್ಲಿ ಬರುವ ಆ್ಯಟ್ ಚಿಹ್ನೆ ಬರಬೇಕಿತ್ತು. ಬಂದದ್ದು ಜೋಡಿ ಉದ್ಧರಣ ಚಿಹ್ನೆ. ಪಾಸ್‌ವರ್ಡೂ ಸರಿ, ಬೆರಳೂ ಸರಿ. ನಡುವೆ ಓದಿ ಹೇಳುವವರು ಬದಲಾಗಿದ್ದರು.

ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿಸಿದೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಭಾಷೆ ಜಪಾನಿಯಿಂದ ಇಂಗ್ಲಿಷಿಗೆ ತಿರುಗಿತು. ಪಾಸ್‌ವರ್ಡ್ ಒಂದೇ ಸಲಕ್ಕೆ ಹಿಡಿಯಿತು. ಇದು ಅರ್ಧ ನಿಮಿಷದ ಕೆಲಸ. ಆದರೆ ಶುಕ್ರವಾರ ಮಾಡಿದ ಬದಲಾವಣೆ ಭಾನುವಾರ ರಾತ್ರಿ ಏಕೆ ಕಾಡಿತು ಎಂಬುದನ್ನು ಅವಳಿಗೆ ಬಿಡಿಸಿ ಹೇಳಲು ಒಂದು ಗಂಟೆ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಜಪಾನಿ ಕಲಿಯುವ ನಮ್ಮ ಮಕ್ಕಳು ಬಹಳ. ಫರ್ಗ್ಯೂಸನ್ ಕಾಲೇಜು ರಸ್ತೆಯ ರಾನಡೆ ಇನ್ಸ್ಟಿಟ್ಯೂಟ್‌ನಲ್ಲಿ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ತರಗತಿಗಳಿವೆ, ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಗೆ ಪುಣೆಯಲ್ಲೇ ಕೇಂದ್ರವಿದೆ. ಸಿಂಹಗಡ ರಸ್ತೆಯಲ್ಲಿ ಒಕಾಯಾಮಾ ನಗರದ ಸ್ನೇಹದ ಗುರುತಾಗಿ ಕಟ್ಟಿದ ಜಪಾನಿ ಉದ್ಯಾನವೂ ಇದೆ. ಜೆಎಲ್‌ಪಿಟಿಯಲ್ಲಿ ಉತ್ತರ ಆರಿಸಿ ಗುರುತು ಹಾಕುವುದಷ್ಟೇ, ಟೈಪಿಂಗ್ ಬೇಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಬೇಕಾಗುವುದು ಮಾತ್ರ ಟೈಪಿಂಗೇ.

ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಕೀಬೋರ್ಡ್ ಅಕ್ಷರಗಳನ್ನು ಕಳಿಸುವುದಿಲ್ಲ, ಕೀಯ ಜಾಗದ ಸಂಖ್ಯೆಯನ್ನು ಕಳಿಸುತ್ತದೆ. ಹಳೆಯ ಪಿಸಿಗಳ ಕಾಲದ ಎಣಿಕೆಯನ್ನೇ ವಿಂಡೋಸ್ ಇಂದಿಗೂ ಬಳಸುತ್ತದೆ. ಅದರಲ್ಲಿ ಎಸ್ಕೇಪ್ ಕೀಗೆ 1, ಅಂಕೆ 1ರ ಕೀಗೆ 2, ಅಂಕೆ 2ರ ಕೀಗೆ 3, ಕ್ಯೂ ಅಕ್ಷರದ ಕೀಗೆ 16. ಅಂದರೆ 2 ಎಂದು ಅಚ್ಚಾದ ಕೀ ಒತ್ತಿದಾಗ ಒಳಗೆ ಹೋಗುವ ಸುದ್ದಿ '3ನೇ ಜಾಗ ಒತ್ತಲಾಗಿದೆ' ಎಂಬುದಷ್ಟೇ. ಕೀಯ ಮೇಲಿನ ಅಚ್ಚು ನಮ್ಮ ಕಣ್ಣಿಗಾಗಿ ಇದೆ. ಅದರ ಅರ್ಥ ಹೇಳುವುದು ಲೇಔಟ್ ಎಂಬ ಕೋಷ್ಟಕ. ನಮ್ಮೂರಿನ ಲ್ಯಾಪ್‌ಟಾಪ್‌ಗಳಿಗೆ ಹೊಂದುವ ಕೋಷ್ಟಕ 101/102 ಕೀಗಳದ್ದು. ಜಪಾನಿನಲ್ಲಿ ಮಾರುವ ಯಂತ್ರಗಳದ್ದು 106/109 ಕೀಗಳದ್ದು. ಈ ಎರಡನೆಯದರಲ್ಲಿ ಶಿಫ್ಟ್ ಜೊತೆ 2 ಒತ್ತಿದರೆ ಜೋಡಿ ಉದ್ಧರಣ, ಶಿಫ್ಟ್ ಜೊತೆ 8 ಮತ್ತು 9 ಒತ್ತಿದರೆ ಆವರಣ ಚಿಹ್ನೆಗಳು ಬರುತ್ತವೆ. ಆ್ಯಟ್ ಚಿಹ್ನೆ ಪಿ ಅಕ್ಷರದ ಬಲಕ್ಕೆ ಕೂತಿರುತ್ತದೆ.

ಹುಡುಗಿ ಶುಕ್ರವಾರ ಜಪಾನಿ ಭಾಷೆಯನ್ನು ಸೇರಿಸಿಕೊಂಡಿದ್ದಳು. ಅಲ್ಲಿ ಹಾರ್ಡ್‌ವೇರ್ ಕೀಬೋರ್ಡ್ ಲೇಔಟ್ ಎಂಬ ಆಯ್ಕೆ ಕಂಡಿತು. ಜಪಾನಿ ಬರೆಯಲು ಜಪಾನಿ ಕೀಬೋರ್ಡೇ ಬೇಕಲ್ಲವೇ ಎಂದು 106/109 ಆರಿಸಿದಳು. ಯಾರೇ ಆಗಲಿ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಆ ಪ್ರಶ್ನೆ ಕೇಳುವುದು ನೀವು ಯಾವ ಭಾಷೆ ಬರೆಯುತ್ತೀರಿ ಎಂದಲ್ಲ, ನಿಮ್ಮ ಕೈಕೆಳಗಿರುವ ಯಂತ್ರ ಯಾವ ನಮೂನೆಯದು ಎಂದು. ಪುಣೆಯಲ್ಲಿ ಕೊಂಡ ಲ್ಯಾಪ್‌ಟಾಪ್ ಆದರೆ 101/102 ಎಂದೇ ಇರಲಿ, ಜಪಾನಿ ಅದರಲ್ಲೇ ಚೆನ್ನಾಗಿ ಬರುತ್ತದೆ. ತಿದ್ದಬೇಕಾದ ಜಾಗ ಹೀಗಿದೆ: ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರೊಳಗೆ ಲ್ಯಾಂಗ್ವೇಜ್ ಆ್ಯಂಡ್ ರೀಜನ್, ಅಲ್ಲಿ ಜಪಾನಿ ಭಾಷೆಯ ಎದುರಿನ ಮೂರು ಚುಕ್ಕೆ ಒತ್ತಿ ಲ್ಯಾಂಗ್ವೇಜ್ ಆಪ್ಷನ್ಸ್. ಬದಲಿಸಿದ ಮೇಲೆ ರೀಸ್ಟಾರ್ಟ್ ಕೇಳುತ್ತದೆ.

ರೀಸ್ಟಾರ್ಟ್ ಎಂಬ ಆ ಮಾತಿನಲ್ಲೇ ಭಾನುವಾರದ ಗುಟ್ಟು ಇದೆ. ಶುಕ್ರವಾರ ಅವಳು ರೀಸ್ಟಾರ್ಟ್ ಮಾಡದೆ ರಾತ್ರಿ ಶಟ್‌ಡೌನ್ ಮಾಡಿ ಮಲಗಿದ್ದಳು. ಶನಿವಾರ ಹಾಕಿದಾಗ ಎಲ್ಲ ಮೊದಲಿನಂತೆ, ಭಾನುವಾರ ಬೆಳಿಗ್ಗೆಯೂ ಹಾಗೆಯೇ. ಸಂಜೆ ಅಪ್‌ಡೇಟ್ ಬಂದು ತಾನಾಗಿ ರೀಸ್ಟಾರ್ಟ್ ಆಯಿತು. ಆಗ ಕೋಷ್ಟಕ ಬದಲಾಯಿತು.

ಎರಡೂ ಒಂದೇ ಅಲ್ಲವೇ ಎಂದು ಕೇಳಿದಳು. ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಶಟ್‌ಡೌನ್ ಕೊಟ್ಟಾಗ ನಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ, ನಾವು ಲಾಗ್‌ಔಟ್ ಆಗುತ್ತೇವೆ. ಆದರೆ ವ್ಯವಸ್ಥೆಯ ತಿರುಳು ಮತ್ತು ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿನ ಒಂದು ಕಡತಕ್ಕೆ ಹೋಗಿ ಕೂರುತ್ತವೆ. ಮರುದಿನ ಪವರ್ ಬಟನ್ ಒತ್ತಿದಾಗ ಹೊಸದಾಗಿ ಏನೂ ಕಟ್ಟುವುದಿಲ್ಲ, ಆ ಕಡತವನ್ನೇ ಮೆಮೊರಿಗೆ ಎತ್ತಿಕೊಳ್ಳುತ್ತದೆ. ರಾತ್ರಿ ರುಬ್ಬಿಟ್ಟ ಹಿಟ್ಟಿನಿಂದ ಬೆಳಿಗ್ಗೆ ದೋಸೆ ಹೊಯ್ದ ಹಾಗೆ. ಹೊಸ ಕೀಬೋರ್ಡ್ ಕೋಷ್ಟಕ ಡ್ರೈವರ್ ಮಟ್ಟದ್ದು, ಹಳೆಯ ಹಿಟ್ಟಿಗೆ ಅದು ಬೆರೆಯುವುದಿಲ್ಲ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಚೆಲ್ಲಿ ಮೊದಲಿನಿಂದ ಶುರುಮಾಡುತ್ತದೆ. ಶಟ್‌ಡೌನನ್ನೇ ಪೂರ್ತಿಯಾಗಿ ಮಾಡಬೇಕೆಂದರೆ ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಬೇಕು. 'ಬಂದ್ ಮಾಡಿ ಹಾಕಿದೆ, ಸರಿಹೋಗಲಿಲ್ಲ' ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇದನ್ನೇ: ಶಟ್‌ಡೌನೋ, ರೀಸ್ಟಾರ್ಟೋ?

ಇನ್ನು ಶುರುವಾಗುವ ಹಂತಗಳು. ಪವರ್ ಬಟನ್ ಒತ್ತಿದೊಡನೆ ಏಳುವುದು ಮದರ್‌ಬೋರ್ಡ್ ಮೇಲಿನ ಫರ್ಮ್‌ವೇರ್. ಎಲ್ಲರೂ ರೂಢಿಯಲ್ಲಿ ಬಯಾಸ್ ಅನ್ನುತ್ತಾರೆ, ಈಗಿನದು ಯುಇಎಫ್‌ಐ. ಅದು ಮೆಮೊರಿ, ಕೀಬೋರ್ಡ್, ಡಿಸ್ಕು ಇವನ್ನೆಲ್ಲ ತಪಾಸಣೆ ಮಾಡಿ, ಯಾವ ಡಿಸ್ಕಿನಿಂದ ಶುರುಮಾಡಬೇಕೆಂಬ ಬೂಟ್ ಆರ್ಡರ್ ನೋಡಿ, ವಿಂಡೋಸ್‌ನ ಬೂಟ್ ಮ್ಯಾನೇಜರ್‌ಗೆ ಕೆಲಸ ಒಪ್ಪಿಸುತ್ತದೆ. ಆಮೇಲೆ ವಿಂಡೋಸ್‌ನ ತಿರುಳು, ಡ್ರೈವರ್‌ಗಳು, ಲಾಗಿನ್ ಪರದೆ. ಪಾಸ್‌ವರ್ಡ್ ಹಿಡಿದ ಮೇಲೆ ಡೆಸ್ಕ್‌ಟಾಪ್, ಅದರ ಹಿಂದೆಯೇ ತಾವಾಗಿ ಏಳುವ ಪ್ರೋಗ್ರಾಂಗಳ ಸಾಲು. ಜಪಾನಿ ಬರೆಯಿಸುವ ಪ್ರೋಗ್ರಾಂ ಕೆಲಸಕ್ಕೆ ಸಿಗುವುದು ಈ ಕೊನೆಯ ಹಂತದಲ್ಲಿ. ಪ್ರತಿ ಹಂತದಲ್ಲೂ ಕೀಯ ಸಂಖ್ಯೆಯನ್ನು ಓದುವವರು ಬೇರೆ. ಆದ್ದರಿಂದ ತೊಂದರೆ ಬಂದಾಗ ಯಾವ ಪರದೆಯಲ್ಲಿ ನಿಂತಿದೆ ಎಂದು ಗುರುತಿಸಿದರೆ ಅರ್ಧ ಹುಡುಕಾಟ ಮುಗಿಯಿತು. ಫರ್ಮ್‌ವೇರ್ ಪರದೆಯಲ್ಲಿ ನಿಂತ ಯಂತ್ರಕ್ಕೆ ವಿಂಡೋಸ್‌ನ ಭಾಷೆ ತಿದ್ದಿ ಫಲವಿಲ್ಲ. ಡೆಸ್ಕ್‌ಟಾಪ್ ತನಕ ಬಂದು ಜಪಾನಿ ಮಾತ್ರ ಬಾರದಿದ್ದರೆ ಬಯಾಸ್ ಮುಟ್ಟಲೇಬೇಡಿ.

ಬಯಾಸ್‌ಗೆ ಹೋಗಲೇಬೇಕಾದರೆ ಎಫ್2, ಎಫ್10, ಡಿಲೀಟ್, ಎಸ್ಕೇಪ್ ಹೀಗೆ ಕಂಪನಿಗೊಂದು ಕೀ ಇರುತ್ತದೆ. ಕೀ ನೆನಪಿಲ್ಲದಿದ್ದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಹೋದರೆ ಸಾಕು. ಆದರೆ ಅದಕ್ಕೂ ಮೊದಲು ಒಂದು ಎಚ್ಚರಿಕೆ, ಇದನ್ನು ಕೈಮುಗಿದು ಹೇಳುತ್ತೇನೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥ ಆಯ್ಕೆಯನ್ನು ಬದಲಿಸಿದರೆ ಯಂತ್ರಕ್ಕೆ ಅನುಮಾನ ಬಂದು 48 ಅಂಕೆಗಳ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಒಳಗಿನ ಫೋಟೋ, ಪ್ರಾಜೆಕ್ಟ್, ಯಾವುದೂ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಉಳಿದಿದೆಯೇ ಎಂದು ಇಂದೇ ನೋಡಿ, ಕಾಗದದ ಮೇಲೂ ಬರೆದಿಡಿ. ಅಂಕೆಗಳು ಎರಡೂ ನಮೂನೆಯ ಕೀಬೋರ್ಡ್‌ನಲ್ಲಿ ಒಂದೇ ಜಾಗದಲ್ಲಿರುವುದರಿಂದ ಇಲ್ಲಿ ಜಪಾನಿ ಲೇಔಟಿನ ಗೊಂದಲವಿಲ್ಲ. ಪಾಸ್‌ವರ್ಡ್ ಹಿಡಿಯದ ಯಂತ್ರದಲ್ಲಿ ಅಂಕೆಗಳ ಪಿನ್ ಹಿಡಿಯುವುದಕ್ಕೂ ಇದೇ ಕಾರಣ.

ಇನ್ನೊಂದು ಬಗೆಯ ತೊಂದರೆ ಇದಕ್ಕಿಂತ ಹೆಚ್ಚು ಜನರನ್ನು ಕಾಡುತ್ತದೆ. ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಗೆಳೆಯರೊಬ್ಬರು, ಧಾರವಾಡದವರು, ಲ್ಯಾಪ್‌ಟಾಪ್ ನಿಧಾನವಾಯಿತೆಂದು ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವರು ತಾವಾಗಿ ಏಳುವ ಪ್ರೋಗ್ರಾಂಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡಿ ಹಗುರ ಮಾಡಿಕೊಟ್ಟರು. ಯಂತ್ರವೇನೋ ಬೇಗ ಏಳತೊಡಗಿತು. ಟಾಸ್ಕ್‌ಬಾರ್‌ನಲ್ಲಿ ಜಪಾನಿ ಆಯ್ಕೆಯಾಗಿದ್ದರೂ ಬೆರಳಿಗೆ ಬರುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಭಾಷೆಯನ್ನು ತೆಗೆದು ಮತ್ತೆ ಹಾಕಿದರು, ಎರಡು ಸಲ. ಏನೂ ಆಗಲಿಲ್ಲ.

ನಿಂತುಹೋಗಿದ್ದು ಸಿ-ಟಿ-ಎಫ್-ಎಂ-ಒ-ಎನ್ ಎಂಬ ಹೆಸರಿನ ಪುಟ್ಟ ಪ್ರೋಗ್ರಾಂ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಸಿಟಿಎಫ್ ಲೋಡರ್ ಎಂದು ಕಾಣುತ್ತದೆ. ಹೆಸರು ನೋಡಿದರೆ ವೈರಸ್ಸಿನಂತಿದೆ ಎಂದು ಹಲವರು ಅನುಮಾನಿಸುತ್ತಾರೆ. ಟೈಪ್ ಮಾಡಿದ್ದನ್ನು ಜಪಾನಿ, ಚೀನಿ, ಕೊರಿಯನ್‌ಗಳಂಥ ಬರವಣಿಗೆಗೆ ತಿರುಗಿಸುವ ಪ್ರೋಗ್ರಾಂಗಳಿಗೂ ನಾವು ಬರೆಯುತ್ತಿರುವ ಕಿಟಕಿಗೂ ಸೇತುವೆಯಾಗಿ ನಿಂತಿರುವುದು ಅದೇ. ವಿಂಡೋಸ್ 10 ಮತ್ತು 11ರಲ್ಲಿ ಅದನ್ನು ಎಬ್ಬಿಸುವ ಹೊಣೆ ಟಾಸ್ಕ್ ಶೆಡ್ಯೂಲರ್‌ನದು. ಅಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಟೆಕ್ಸ್ಟ್ ಸರ್ವಿಸಸ್ ಫ್ರೇಮ್‌ವರ್ಕ್ ಎಂದು ಒಂದರೊಳಗೊಂದು ತೆರೆದುಕೊಂಡು ಹೋದರೆ ಎಂಎಸ್‌ಸಿಟಿಎಫ್ ಮಾನಿಟರ್ ಎಂಬ ಒಂದೇ ಸಾಲು ಸಿಗುತ್ತದೆ. ಗೆಳೆಯರ ಯಂತ್ರದಲ್ಲಿ ಅದರ ಎದುರು ಡಿಸೇಬಲ್ಡ್ ಎಂದಿತ್ತು. ತಕ್ಷಣಕ್ಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆ ಆರು ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಕೊಟ್ಟೆವು. ಜಪಾನಿ ಬಂತು. ಶೆಡ್ಯೂಲರ್‌ನಲ್ಲಿ ಎನೇಬಲ್ ಮಾಡಿದ ಮೇಲೆ ಶಾಶ್ವತವಾಗಿ ಬಂತು.

ಹಾಗೆಂದು ಸ್ಟಾರ್ಟಪ್ ಪಟ್ಟಿಯನ್ನು ಹಗುರ ಮಾಡಲೇಬಾರದು ಎಂದಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟಪ್ ಪಟ್ಟಿಯಲ್ಲಿ ಮ್ಯೂಸಿಕ್ ಆ್ಯಪ್, ಗೇಮ್ ಲಾಂಚರ್, ಮೀಟಿಂಗ್ ಆ್ಯಪ್ ಇಂಥವನ್ನು ಧಾರಾಳವಾಗಿ ಬಂದ್ ಮಾಡಿ. ಸಿಸ್ಟಂ ಕಾನ್ಫಿಗರೇಶನ್ (msconfig) ಎಂಬ ಬೇರೆ ಕಿಟಕಿಯ ಸರ್ವಿಸ್‌ಗಳ ಪಟ್ಟಿಗೆ ಕೈ ಹಾಕುವುದಾದರೆ ಮೊದಲು 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಎಂಬುದಕ್ಕೆ ಟಿಕ್ ಹಾಕಿ, ಉಳಿದದ್ದನ್ನಷ್ಟೇ ನೋಡಿ. ಅದೇ ಕಿಟಕಿಯ ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ಮರೆತರೆ ಯಂತ್ರ ಪ್ರತಿ ಸಲವೂ ಸೇಫ್ ಮೋಡ್‌ಗೇ ಏಳುತ್ತದೆ. ಟಿಕ್ ತೆಗೆದರೆ ಸರಿಹೋಗುತ್ತದೆ.

ಕನ್ನಡ ಟೈಪಿಂಗ್‌ಗೆ ಇಷ್ಟೆಲ್ಲ ಇಲ್ಲವಲ್ಲ, ಜಪಾನಿಗೇಕೆ ನಡುವೆ ಒಬ್ಬ ದಲ್ಲಾಳಿ? ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಕನ್ನಡದಲ್ಲಿ ಉಚ್ಚಾರವಾದದ್ದೇ ಬರಹ. ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಒತ್ತಿದ ಕೀಗಳಿಂದ ಅಕ್ಷರ ನೇರವಾಗಿ ತೀರ್ಮಾನವಾಗುತ್ತದೆ, ಆಯ್ಕೆಯ ಮಾತೇ ಇಲ್ಲ. ಈಗ 'ಹತ್ತು' ಎಂಬ ಮಾತು ತೆಗೆದುಕೊಳ್ಳಿ. ಹತ್ತು ರೂಪಾಯಿಯ ಹತ್ತು ಒಂದು, ಬೆಟ್ಟ ಹತ್ತು ಎಂಬಲ್ಲಿನ ಹತ್ತು ಇನ್ನೊಂದು. 'ಅರಸು' ಅಂದರೆ ರಾಜ, 'ಅರಸು' ಅಂದರೆ ಹುಡುಕು. ಈ ಪ್ರತಿಯೊಂದು ಅರ್ಥಕ್ಕೂ ಬೇರೆ ಬೇರೆ ಚಿತ್ರಾಕ್ಷರ ಇದ್ದಿದ್ದರೆ, ಹತ್ತು ಎಂದು ಟೈಪ್ ಮಾಡಿದ ಮೇಲೆ ಯಾವ ಹತ್ತು ಎಂದು ಕಂಪ್ಯೂಟರ್ ನಮ್ಮನ್ನು ಕೇಳಲೇಬೇಕಿತ್ತು. ಜಪಾನಿಯ ಸ್ಥಿತಿ ಇದೇ. 'ಹಶಿ' ಅಂದರೆ ಸೇತುವೆ, ಊಟದ ಕಡ್ಡಿ, ಅಂಚು. ಮೂರಕ್ಕೂ ಬೇರೆ ಕಾಂಜಿ, ಅಂದರೆ ಚಿತ್ರಾಕ್ಷರ. 'ಕಾಮಿ' ಅಂದರೆ ದೇವರು, ಕಾಗದ, ಕೂದಲು. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಇವನ್ನು ನೂರು ಕೀಗಳ ಮೇಲೆ ಕೂರಿಸಲು ಸಾಧ್ಯವಿಲ್ಲ.

ಹಿಂದಿನ ಜಪಾನಿ ಟೈಪ್‌ರೈಟರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಚ್ಚುಮೊಳೆಗಳ ತಟ್ಟೆ ಇರುತ್ತಿತ್ತು. ಒಂದೊಂದನ್ನೂ ಹುಡುಕಿ ಎತ್ತಿ ಹೊಡೆಯಬೇಕು. ಉಚ್ಚಾರ ಟೈಪ್ ಮಾಡಿದರೆ ಯಂತ್ರವೇ ಕಾಂಜಿ ಹುಡುಕಿಕೊಡುವ ಮೊದಲ ಜಪಾನಿ ವರ್ಡ್ ಪ್ರೊಸೆಸರ್ ಅನ್ನು ತೋಷಿಬಾ 1978ರಲ್ಲಿ ತೋರಿಸಿತು. ಹೆಸರು ಜೆಡಬ್ಲ್ಯು-10, ಗಾತ್ರ ಒಂದು ಮೇಜಿನಷ್ಟು, ಬೆಲೆ 63 ಲಕ್ಷ ಯೆನ್. ಅಂದು ಮೇಜಿನಷ್ಟಿದ್ದ ಆ ಕೆಲಸವನ್ನೇ ಇಂದು ಐಎಂಇ ಎಂಬ ಪ್ರೋಗ್ರಾಂ ಲ್ಯಾಪ್‌ಟಾಪ್‌ನೊಳಗೆ ಮಾಡುತ್ತದೆ.

ಅದು ನಡೆಯುವ ಬಗೆ ಹೀಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರ ಹೊಡೆದಂತೆ ಹಿರಗಾನ ಎಂಬ ಉಚ್ಚಾರದ ಲಿಪಿ ಮೂಡುತ್ತದೆ, ಅದರಡಿಯಲ್ಲಿ ಗೆರೆ ಇರುತ್ತದೆ. ಗೆರೆ ಇದ್ದಷ್ಟು ಹೊತ್ತು ಅದು ಪಕ್ಕಾ ಅಲ್ಲ. ಸ್ಪೇಸ್ ಒತ್ತಿದರೆ ಕಾಂಜಿಗೆ ತಿರುಗುತ್ತದೆ, ಮತ್ತೊಮ್ಮೆ ಒತ್ತಿದರೆ ಆಯ್ಕೆಗಳ ಪಟ್ಟಿ ಬರುತ್ತದೆ, ಎಂಟರ್ ಒತ್ತಿದರೆ ಗೆರೆ ಮಾಯವಾಗಿ ಬರಹ ನೆಲೆಗೊಳ್ಳುತ್ತದೆ. ವಾಕ್ಯವನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನೂ ಐಎಂಇಯೇ ಊಹಿಸುತ್ತದೆ. 'ಇವತ್ತು ವೈದ್ಯರ ಹತ್ತಿರ ಹೋದೆ' ಎನ್ನಲು 'ಕ್ಯೋ ವ ಇಶ ಎ ಇತ್ತ' ಎನ್ನುತ್ತಾರೆ. ಇಲ್ಲಿನ 'ವ' ಪ್ರತ್ಯಯವನ್ನು ಬರೆಯುವಾಗ 'ಹ' ಎಂದೇ ಬರೆಯಬೇಕು. ಹಾಗಾಗಿ ಹ ಮತ್ತು ಇಶ ಕೂಡಿಕೊಂಡು 'ಹಇಶ', ಅಂದರೆ ಹಲ್ಲಿನ ಡಾಕ್ಟರ್ ಆಗಿಬಿಡಬಹುದು. ಆಗ ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ತುಂಡಿನ ಅಳತೆ ಬದಲಾಗುತ್ತದೆ. ತರಗತಿಗಳಲ್ಲಿ ಇದನ್ನು ಏಕೋ ಹೇಳಿಕೊಡುವುದಿಲ್ಲ, ಹೇಳಲೇಬೇಕು. ಪಟ್ಟಿಯಲ್ಲಿ ಹುಡುಕಿ ಹುಡುಕಿ ಸೋತು, ಎಲ್ಲ ಅಳಿಸಿ ಮತ್ತೆ ಹೊಡೆಯುವ ಮಕ್ಕಳನ್ನು ಕಂಡಿದ್ದೇನೆ.

ಮೊದಲ ವಾರದಲ್ಲೇ ಎಡವಿಸುವುದು ಎನ್ ಅಕ್ಷರ. ನಮ್ಮ ಸೊನ್ನೆಯಂಥ ಒಂದು ಅಕ್ಷರ ಜಪಾನಿಯಲ್ಲೂ ಇದೆ, ಅದಕ್ಕೆ ಎನ್ ಎರಡು ಸಲ ಹೊಡೆಯಬೇಕು. 'ಕೊನ್ನಿಚಿವ' ಎಂಬ ನಮಸ್ಕಾರಕ್ಕೆ ಎರಡೇ ಎನ್ ಹೊಡೆದರೆ ಎರಡೂ ಆ ಸೊನ್ನೆಗೇ ಖರ್ಚಾಗಿ 'ನಿ' ಬದಲು 'ಇ' ಉಳಿಯುತ್ತದೆ. ಅಲ್ಲಿ ಮೂರು ಎನ್ ಬೇಕು, ಕೊನೆಯಲ್ಲಿ 'ವ' ಬದಲು ಎಚ್ ಮತ್ತು ಎ. ಒತ್ತಕ್ಷರದಂಥ ತಡೆಗೆ ವ್ಯಂಜನವನ್ನು ಇಮ್ಮಡಿಸಿದರಾಯಿತು: 'ಕಿತ್ತೆ', ಅಂದರೆ ಅಂಚೆಚೀಟಿ, ಅದಕ್ಕೆ ಟಿ ಎರಡು ಸಲ. ನಮಗೆ ಇದು ಸಲೀಸು, ಒತ್ತಕ್ಷರ ನಮ್ಮ ನಾಲಿಗೆಯಲ್ಲೇ ಇದೆ.

ಅಗಲದ ಅಕ್ಷರಗಳ ಬಗ್ಗೆಯೂ ಒಂದು ಮಾತು. ಜಪಾನಿ ಕ್ರಮದಲ್ಲಿದ್ದಾಗ ಇಂಗ್ಲಿಷ್ ಅಕ್ಷರ, ಅಂಕೆ, ಖಾಲಿ ಜಾಗ ಕೂಡ ಕಾಂಜಿಯಷ್ಟೇ ಅಗಲವಾಗಿ ಬರಬಲ್ಲವು. ಕಣ್ಣಿಗೆ ಸ್ವಲ್ಪ ಬಿಡಿಬಿಡಿಯಾಗಿ ಕಾಣುತ್ತವೆ, ಅಷ್ಟೇ. ಕಂಪ್ಯೂಟರ್‌ಗೆ ಮಾತ್ರ ಅವು ಪೂರಾ ಬೇರೆ ಅಕ್ಷರಗಳು. ಇಮೇಲ್ ವಿಳಾಸ ಹಾಗೆ ಬಂದರೆ ಫಾರ್ಮ್ ಒಪ್ಪುವುದಿಲ್ಲ. ಪ್ರೋಗ್ರಾಂ ಬರೆಯುವವರ ಕೋಡಿನಲ್ಲಿ ಒಂದು ಅಗಲ ಖಾಲಿ ಜಾಗ ನುಸುಳಿದರೆ ಮಧ್ಯಾಹ್ನವಿಡೀ ಹುಡುಕಬೇಕಾಗುತ್ತದೆ. ಗೆರೆ ಇರುವಾಗಲೇ ಎಫ್10 ಒತ್ತಿದರೆ ಮಾಮೂಲಿ ಅಗಲದ ಇಂಗ್ಲಿಷ್ ಆಗುತ್ತದೆ. ಎಫ್6 ಹಿರಗಾನಕ್ಕೆ, ಎಫ್7 ಹೊರಗಿನ ಪದಗಳಿಗೆ ಬಳಸುವ ಕತಕಾನ ಲಿಪಿಗೆ. ಜಪಾನಿಯನ್ನು ಪೂರ್ತಿ ನಿಲ್ಲಿಸಿ ಇಂಗ್ಲಿಷ್ ಹೊಡೆಯಲು ಆಲ್ಟ್ ಹಿಡಿದು ಎಸ್ಕೇಪ್ ಕೆಳಗಿನ ಕೀ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಕೀಗಳು ಧ್ವನಿ, ಬೆಳಕು ಹೆಚ್ಚು ಕಡಿಮೆ ಮಾಡುತ್ತವೆ. ಆಗ ಎಫ್‌ಎನ್ ಕೀಯನ್ನೂ ಜೊತೆಗೆ ಹಿಡಿಯಬೇಕು. ಎಫ್ ಕೀಗಳ ಈ ನಡತೆಯನ್ನು ಬದಲಿಸುವ ಆಯ್ಕೆ ಹಲವು ಯಂತ್ರಗಳಲ್ಲಿ ಬಯಾಸ್‌ನಲ್ಲೇ ಇರುತ್ತದೆ. ಜಪಾನಿ ಟೈಪಿಂಗ್‌ಗಾಗಿ ಬಯಾಸ್ ನೋಡಲು ನನಗೆ ತೋರುವ ನ್ಯಾಯವಾದ ಕಾರಣ ಇದೊಂದೇ.

ಜಪಾನಿನಿಂದಲೇ ಲ್ಯಾಪ್‌ಟಾಪ್ ತಂದವರಿಗೆ ಮೇಲಿನದೆಲ್ಲ ತಿರುಗುಮುರುಗು. ಅವರ ಯಂತ್ರದಲ್ಲಿ ಹೆಚ್ಚಿನ ಕೀಗಳಿರುತ್ತವೆ. ಅವು ಕೆಲಸ ಮಾಡದಿದ್ದರೆ ಲೇಔಟನ್ನು 106/109ಕ್ಕೆ ಹಾಕಿ ರೀಸ್ಟಾರ್ಟ್ ಮಾಡಬೇಕು. ಬ್ಯಾಕ್‌ಸ್ಲ್ಯಾಷ್ ಇರಬೇಕಾದಲ್ಲಿ ಯೆನ್ ಗುರುತು ಕಂಡರೆ ಗಾಬರಿ ಬೇಡ. ಜಪಾನಿನ ಹಳೆಯ ಅಕ್ಷರ ಸಂಕೇತದಲ್ಲಿ ಆ ಸಂಖ್ಯೆಯನ್ನು ಯೆನ್‌ಗೆ ಕೊಟ್ಟಿದ್ದರು, ಜಪಾನಿ ಫಾಂಟ್‌ಗಳು ಈಗಲೂ ಹಾಗೆ ತೋರಿಸುತ್ತವೆ. ಹಳೆಯ ಜಪಾನಿ ಕಡತ ತೆರೆದಾಗ ಅರ್ಥವಿಲ್ಲದ ಗೀಚು ಕಾಣುವುದೂ ಸಂಕೇತದ ತಂಟೆಯೇ. ಹಳೆಯ ನುಡಿ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದವರಿಗೆ ಅದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ವಿಂಡೋಸ್ ಬದಲು ಉಬುಂಟು ಬಳಸುವವರು ಮೋಜ್ಕ್ ಎಂಬ ಜಪಾನಿ ಎಂಜಿನ್ ಹಾಕಿಕೊಂಡರೆ ಸಾಕು. ಆದರೆ ಅದನ್ನು ನಡೆಸುವ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಲಾಗಿನ್ ಆಗುವಾಗಲೇ ಏಳಬೇಕು. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬಾರದೆ 'ಬರುತ್ತಿಲ್ಲ' ಎನ್ನುವವರೇ ಹೆಚ್ಚು.

ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಲೇಔಟನ್ನು 101ಕ್ಕೆ ತಂದು, ರೀಸ್ಟಾರ್ಟ್ ಮಾಡಿಸಿ, ಎರಡು ಸಲ ಪಾಸ್‌ವರ್ಡ್ ಹೊಡೆಸಿ ನೋಡಿದೆ. ಆಮೇಲೆ ಅವಳು ನಮ್ಮ ಊಟದ ಮೇಜಿನ ಮೇಲೇ ಬರೆಯಲು ಕೂತಳು. ಊರಿನ ಹೆಸರು ಬಂದಾಗ ನಿಂತಳು. "ಕಾಕಾ, ಜಪಾನ್ಯಾಗ ವಿ ಇಲ್ಲಲ್ರಿ, ಬಿಜಯಪುರ ಅಂತ ಬರೀಲೇನು?" ಹಳೆಯ ಜಪಾನಿ ಪದಗಳಲ್ಲಿ ಆ ಉಚ್ಚಾರ ಇಲ್ಲ, ನಿಜ. ಆದರೆ ಹೊರಗಿನ ಹೆಸರುಗಳಿಗೆಂದು ಕತಕಾನದಲ್ಲಿ ಉ ಅಕ್ಷರಕ್ಕೆ ಎರಡು ಚುಕ್ಕೆ ಇಟ್ಟು, ಪಕ್ಕದಲ್ಲಿ ಸಣ್ಣ ಇ ಸೇರಿಸಿ ವಿ ಬರೆಯುತ್ತಾರೆ. "ನೀ ವಿ ಐ ಅಂತನ ಹೊಡಿ, ಆಮ್ಯಾಲೆ ಎಫ್7 ಒತ್ತು," ಅಂದೆ. ಹೊಡೆದಳು, ಒತ್ತಿದಳು. ಎರಡು ಚುಕ್ಕೆಯ ವಿಜಯಪುರ ಪರದೆಯ ಮೇಲೆ ಬಂತು. ಎಂಟರ್ ಒತ್ತಿ ಮುಂದಿನ ಸಾಲಿಗೆ ಹೋದಳು.